ಐವತ್ತರ ಆಸುಪಾಸಿನ ಕನ್ನಡ ಓದುಗರಿಗೆ ಇ-ರೀಡರ್: ಯಾವುದು ಯಾರಿಗೆ ಒಪ್ಪುತ್ತದೆ?

ನಲವತ್ತು ದಾಟಿದವರ ಕನ್ನಡಕಕ್ಕೆ ನಮ್ಮಲ್ಲಿ ‘ಚಾಳೀಸು’ ಎಂಬ ಹೆಸರು ಬಂದಿರುವುದೇ ಆ ವಯಸ್ಸಿನಿಂದ. ವರ್ಷ ಕಳೆದಂತೆ ಕಣ್ಣಿನೊಳಗಿನ ಮಸೂರ ಬಿಗಿಯಾಗುತ್ತಾ ಹೋಗಿ, ಹತ್ತಿರದ ವಸ್ತುವಿನ ಮೇಲೆ ನೋಟ ನಿಲ್ಲಿಸುವ ಶಕ್ತಿ ಕುಂದುತ್ತದೆ. ಪುಸ್ತಕವನ್ನು ಸ್ವಲ್ಪ ಸ್ವಲ್ಪವೇ ದೂರ ಹಿಡಿಯುತ್ತಾ ಬಂದವರಿಗೆ ಒಂದು ದಿನ ಕೈಯ ಉದ್ದವೇ ಸಾಲದಾಗುತ್ತದೆ. ನನಗೆ ಈಗ ಐವತ್ತೆರಡು ವರ್ಷ. ನಲವತ್ತೈದರ ನಂತರ ನನ್ನ ಓದು ಕಡಿಮೆಯಾಗಲು ಆಸಕ್ತಿ ಬತ್ತಿದ್ದೇ ಕಾರಣವೆಂದು ಬಹಳ ಕಾಲ ತಿಳಿದುಕೊಂಡಿದ್ದೆ. ರಾತ್ರಿ ಊಟವಾದ ಮೇಲೆ ಮಂದ ಬೆಳಕಿನಲ್ಲಿ ಸಣ್ಣ ಅಕ್ಷರದ ಕಾದಂಬರಿಯನ್ನು ಕಣ್ಣು ಒಲ್ಲೆ ಎನ್ನುತ್ತಿತ್ತು, ಕೈ ಮೊಬೈಲಿನ ಕಡೆಗೆ ಹೋಗುತ್ತಿತ್ತು, ನಡೆದದ್ದು ಇಷ್ಟೇ ಎಂಬುದು ತಡವಾಗಿ ತಿಳಿಯಿತು.

ನಡುವಯಸ್ಸಿನ ಅತೃಪ್ತಿಯ ಬಗ್ಗೆ ಪಂಡಿತರು ಸಾಕಷ್ಟು ಬರೆದಿದ್ದಾರೆ. ‘ನಡುವಯಸ್ಸಿನ ಬಿಕ್ಕಟ್ಟು’ ಎಂಬ ಮಾತನ್ನು ಕೆನಡಾ ಮೂಲದ ಮನೋವಿಶ್ಲೇಷಕ ಎಲಿಯಟ್ ಜಾಕ್ಸ್ 1965ರಲ್ಲಿ ಬಳಕೆಗೆ ತಂದರು. ಅರ್ಥಶಾಸ್ತ್ರಜ್ಞ ಡೇವಿಡ್ ಬ್ಲಾಂಚ್‌ಫ್ಲವರ್ ನೂರಕ್ಕೂ ಹೆಚ್ಚು ದೇಶಗಳ ಅಂಕಿಅಂಶ ನೋಡಿ, ಬದುಕಿನ ಬಗೆಗಿನ ಸಮಾಧಾನ ಸುಮಾರು 47-48ನೇ ವಯಸ್ಸಿನಲ್ಲಿ ತಳ ಮುಟ್ಟಿ ಮತ್ತೆ ಏರುತ್ತದೆ ಎಂದು 2020ರಲ್ಲಿ ಬರೆದರು. ಈ ತೀರ್ಮಾನವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನನ್ನ ಅನುಭವದಿಂದ ಹೇಳುವುದಾದರೆ, ಮಕ್ಕಳ ಓದು, ಹಿರಿಯರ ಔಷಧಿ, ಕಚೇರಿಯ ಜವಾಬ್ದಾರಿಗಳ ನಡುವೆ ದಿನಕ್ಕೆ ಮುಕ್ಕಾಲು ಗಂಟೆಯಾದರೂ ಒಂದೇ ವಿಷಯದಲ್ಲಿ ಮನಸ್ಸು ನಿಲ್ಲುವಂತಾದರೆ ಅದು ಈ ವಯಸ್ಸಿನಲ್ಲಿ ಸಿಗುವ ದೊಡ್ಡ ನೆಮ್ಮದಿ. ಆದ್ದರಿಂದ ಇ-ರೀಡರ್, ಎಂದರೆ ಪುಸ್ತಕ ಓದಲೆಂದೇ ಮಾಡಿದ ಯಂತ್ರ, ಮತ್ತು ಅದರ ಬದಲು ಬಳಸಬಹುದಾದವುಗಳ ಕೆಳಗಿನ ಹೋಲಿಕೆಯಲ್ಲಿ ವೇಗವನ್ನೋ ಚಂದವನ್ನೋ ನಾನು ಅಳತೆಗೋಲು ಮಾಡಿಕೊಂಡಿಲ್ಲ. ನಾವು ನಿಜವಾಗಿ ಓದಬೇಕೆಂದಿರುವ ಪುಸ್ತಕ ಅದರಲ್ಲಿ ಸಿಗುತ್ತದೆಯೇ, ಸಿಕ್ಕರೆ ಕಣ್ಣಿಗೆ ಹಿತವಾಗಿ ಓದಿಸಿಕೊಳ್ಳುತ್ತದೆಯೇ, ಓದುವ ಹೊತ್ತಿನಲ್ಲಿ ನಮ್ಮನ್ನು ನಮ್ಮ ಪಾಡಿಗೆ ಬಿಡುತ್ತದೆಯೇ ಎಂಬ ಮೂರೇ ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ.

ಇ-ಇಂಕ್ ಪರದೆ ಎಂದರೆ ಏನು

ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳ ಪರದೆ ಬೆಳಕನ್ನು ನೇರವಾಗಿ ಕಣ್ಣಿಗೆ ಸೂಸುತ್ತದೆ. ಇ-ಇಂಕ್ ಪರದೆಯ ಕ್ರಮವೇ ಬೇರೆ. ಅದರೊಳಗೆ ಕೂದಲೆಳೆಯ ದಪ್ಪದ ಅಸಂಖ್ಯ ಗುಳಿಗೆಗಳಿದ್ದು, ಪ್ರತಿಯೊಂದರಲ್ಲೂ ವಿದ್ಯುದಾವೇಶವಿರುವ ಬಿಳಿ ಮತ್ತು ಕಪ್ಪು ಕಣಗಳು ತೇಲುತ್ತಿರುತ್ತವೆ. ವಿದ್ಯುತ್ತು ಹರಿದಾಗ ಕಪ್ಪು ಕಣ ಮೇಲೆ ಬಂದರೆ ಅಲ್ಲೊಂದು ಕಪ್ಪು ಚುಕ್ಕೆ ಮೂಡುತ್ತದೆ, ಬಿಳಿಯದು ಬಂದರೆ ಕಾಗದದಂಥ ಬಿಳುಪು ಉಳಿಯುತ್ತದೆ. ಒಮ್ಮೆ ಮೂಡಿದ ಪುಟ ಹಾಗೆಯೇ ನಿಲ್ಲುವುದರಿಂದ ಪುಟ ತಿರುಗಿಸುವಾಗ ಮಾತ್ರ ವಿದ್ಯುತ್ತು ಬೇಕಾಗುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬಾಳುವುದರ ಗುಟ್ಟು ಇದೇ. ಅಮೆರಿಕದ ಎಂಐಟಿಯಲ್ಲಿ ನಡೆದ ಸಂಶೋಧನೆಯಿಂದ 1997ರಲ್ಲಿ ಹುಟ್ಟಿದ ಕಂಪನಿಯೊಂದು ಇದನ್ನು ಮಾರುಕಟ್ಟೆಗೆ ತಂದಿತು. ಸೋನಿ 2004ರಲ್ಲಿ ಜಪಾನಿನಲ್ಲಿ ಇಂಥ ಪರದೆಯ ಓದುಯಂತ್ರವನ್ನು ಮಾರಿತು, 2007ರ ನವೆಂಬರ್‌ನಲ್ಲಿ ಅಮೆಜಾನ್‌ನ ಕಿಂಡಲ್ ಬಂದಿತು.

ಈಗಿನ ಇ-ರೀಡರ್‌ಗಳಲ್ಲಿ ದೀಪವೂ ಇರುತ್ತದೆ. ಆ ಬೆಳಕು ಅಂಚಿನಿಂದ ಪರದೆಯ ಮೇಲೆ ಹಾಯ್ದು, ಕಾಗದದ ಮೇಲೆ ಬಿದ್ದ ಬೆಳಕಿನಂತೆ ಪ್ರತಿಫಲಿಸಿ ಕಣ್ಣಿಗೆ ಬರುತ್ತದೆ. ನಿದ್ದೆ ಹಗುರವಾಗುವ ವಯಸ್ಸಿನವರು ಇದನ್ನು ಗಮನಿಸಬೇಕು. ಬಾಸ್ಟನ್ನಿನ ಸಂಶೋಧಕರು 12 ಮಂದಿಗೆ ಕೆಲವು ರಾತ್ರಿ ಟ್ಯಾಬ್ಲೆಟ್ಟಿನಲ್ಲೂ ಕೆಲವು ರಾತ್ರಿ ಮುದ್ರಿತ ಪುಸ್ತಕದಲ್ಲೂ ಓದಿಸಿದಾಗ, ಟ್ಯಾಬ್ಲೆಟ್ಟಿನಲ್ಲಿ ಓದಿದ ರಾತ್ರಿಗಳಲ್ಲಿ ಅವರಿಗೆ ನಿದ್ದೆ ಹತ್ತಲು ಸುಮಾರು 10 ನಿಮಿಷ ಹೆಚ್ಚು ಹಿಡಿಯಿತು. ಪ್ರಯೋಗ ಸಣ್ಣದೇ ಆದರೂ, ಮಲಗುವ ಮುನ್ನ ಓದುವವರು ಹಳದಿ ಛಾಯೆಗೆ ತಿರುಗಿಸಬಲ್ಲ ದೀಪವಿರುವ ಇ-ರೀಡರನ್ನೇ ಆರಿಸಿಕೊಳ್ಳಲಿ ಎಂದು ನಾನು ಹೇಳುತ್ತೇನೆ. ಬಣ್ಣದ ಇ-ಇಂಕ್ ಪರದೆಯೂ ಬಂದಿದೆ, ಆದರೆ ಅದರ ಹಿನ್ನೆಲೆ ಕಪ್ಪು-ಬಿಳುಪಿನ ಪರದೆಗಿಂತ ಮಂಕಾಗಿರುವುದರಿಂದ ಅಕ್ಷರವನ್ನೇ ಮುಖ್ಯವಾಗಿ ನೋಡುವವರಿಗೆ ಅದರ ಅಗತ್ಯವಿಲ್ಲ.

ಕನ್ನಡದ ಪುಸ್ತಕ ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆ

ಇಂಗ್ಲಿಷ್ ಓದುವವರು ಯಾವ ಯಂತ್ರ ಕೊಂಡರೂ ಹೆಚ್ಚು ನಷ್ಟವಿಲ್ಲ. ಕನ್ನಡ ಓದುವವರ ಪರಿಸ್ಥಿತಿ ಹಾಗಿಲ್ಲ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ತನ್ನ ಕಿಂಡಲ್ ಅಂಗಡಿಗೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ಸೇರಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗಳಿಗೆ ಅವಕಾಶ ಸಿಕ್ಕಿತು, ಕನ್ನಡಕ್ಕೆ ಸಿಗಲಿಲ್ಲ. ಸಾವಿರ ವರ್ಷಕ್ಕೂ ಮೀರಿದ ಸಾಹಿತ್ಯವಿರುವ ಭಾಷೆಗೆ ಇದು ನೋವಿನ ಸಂಗತಿ, ಆ ನೋವು ನನಗಿನ್ನೂ ಇದೆ. ಕನ್ನಡದ ಹೊಸ ಪುಸ್ತಕಗಳು ಹೀಗಾಗಿ ಬೇರೆ ದಾರಿ ಹಿಡಿದವು. ಮೈಲ್ಯಾಂಗ್, ಋತುಮಾನದಂಥ ಆ್ಯಪ್‌ಗಳು ಇ-ಪುಸ್ತಕಗಳ ಜೊತೆಗೆ ಕೇಳುಪುಸ್ತಕಗಳನ್ನೂ ಕೊಡುತ್ತಿವೆ. ಗೂಗಲ್ ಪ್ಲೇ ಬುಕ್ಸ್‌ನಲ್ಲಿಯೂ ಕನ್ನಡದ ಕಪಾಟು ಇದೆ.

ಹಳೆಯ ಪುಸ್ತಕಗಳ ಲೋಕ ಇನ್ನೊಂದು. ಭಾರತದ ಕಾಯಿದೆಯಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದ ಮೇಲೆ ಅವರ ಕೃತಿಗಳ ಹಕ್ಕುಸ್ವಾಮ್ಯ ಮುಗಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀಯವರಂಥವರ ಬರಹಗಳು ಈಗ ಎಲ್ಲರ ಸ್ವತ್ತು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕನ್ನಡ ಸ್ಕ್ಯಾನ್‌ಗಳು ರಾಶಿ ರಾಶಿಯಾಗಿವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿ ನಿಘಂಟುಗಳಿವೆ, ಕನ್ನಡ ವಿಕಿಸೋರ್ಸ್‌ನಲ್ಲಿ ಬೆರಳಚ್ಚಾದ ಪಠ್ಯಗಳಿವೆ. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯವನ್ನೂ ಆರಂಭಿಸಿತು.

ಒಂದು ತೊಡಕನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿಟ್ಟ ಕಡತಗಳು ಇ-ರೀಡರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಮೊದಲು ಕಂಪ್ಯೂಟರಿನಲ್ಲಿ ಯೂನಿಕೋಡ್‌ಗೆ, ಎಂದರೆ ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿಕೊಳ್ಳಬೇಕು.

ಮೊಬೈಲ್ ಮತ್ತು ಟ್ಯಾಬ್ಲೆಟ್

ಹಣ ಖರ್ಚು ಮಾಡುವ ಮೊದಲು ಕೈಯಲ್ಲಿರುವುದನ್ನೇ ಪರೀಕ್ಷಿಸುವುದು ಒಳ್ಳೆಯದು. ಕನ್ನಡದ ಎಲ್ಲ ಆ್ಯಪ್‌ಗಳೂ ಮೊಬೈಲಿನಲ್ಲಿ ನಡೆಯುತ್ತವೆ, ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ, ಕೇಳುಪುಸ್ತಕವೂ ಸಿಗುತ್ತದೆ. ಬಸ್ಸಿನಲ್ಲಿ ನಿಂತು ಸಣ್ಣಕಥೆಯೊಂದನ್ನು ಮುಗಿಸಲು ಇದು ಸಾಕು. ಆದರೆ ಮೂರನೆಯ ಪ್ರಶ್ನೆಯಲ್ಲಿ ಮೊಬೈಲ್ ಸೋಲುತ್ತದೆ. ಕಾದಂಬರಿಯ ನಾಯಕಿ ಊರು ಬಿಟ್ಟು ಹೊರಡುವ ಹೊತ್ತಿಗೆ ಮೇಲಿನಿಂದ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನ ಸಂದೇಶ ಇಳಿದು ಬರುತ್ತದೆ. ಉತ್ತರಿಸಿ ಮರಳುವಷ್ಟರಲ್ಲಿ ಪುಟದ ಭಾವ ಚದುರಿ ಹೋಗಿರುತ್ತದೆ.

ಟ್ಯಾಬ್ಲೆಟ್ ಒಂದು ವರ್ಗದ ಓದುಗರಿಗೆ ಮಾತ್ರ ನಿಜಕ್ಕೂ ಒಪ್ಪುತ್ತದೆ. ನನ್ನ ತಾಯಿಗೆ 78 ವರ್ಷ. ವಾರಪತ್ರಿಕೆಯನ್ನು ಭೂತಗನ್ನಡಿ ಹಿಡಿದು ಸಾಲುಸಾಲಾಗಿ ಓದುತ್ತಿದ್ದವರು, ಕೈ ನಡುಗತೊಡಗಿದ ಮೇಲೆ ಅದನ್ನೂ ಬಿಟ್ಟಿದ್ದರು. ಮಗಳು ಬಿಟ್ಟು ಹೋಗಿದ್ದ ಹತ್ತು ಇಂಚಿನ ಟ್ಯಾಬ್ಲೆಟ್ಟಿನಲ್ಲಿ ಕಥಾಸಂಕಲನವೊಂದನ್ನು ತೆರೆದು, ಪುಟಕ್ಕೆ ಎಂಟೇ ಸಾಲು ಬರುವಷ್ಟು ಅಕ್ಷರ ದೊಡ್ಡದು ಮಾಡಿ ಅವರ ಮುಂದೆ ಮೇಜಿನ ಮೇಲೆ ಒರಗಿಸಿ ಇಟ್ಟೆ. ಅವರು ಬಾಯಿ ತೆರೆಯದೆ ನಾಲ್ಕು ಪುಟ ಓದಿದರು. ಆಮೇಲೆ, “ಅಕ್ಷರ ಇಷ್ಟು ದಪ್ಪ ಇದ್ರೆ ಕನ್ನಡಕ ಯಾಕೋ ಬೇಕು?” ಎಂದರು. ನಡುಗುವ ಕೈಗಳಿಗೆ ದೊಡ್ಡ ಪರದೆ, ಸುಲಭವಾದ ಸ್ಪರ್ಶ, ಬೇಕಾದರೆ ಓದಿ ಹೇಳುವ ದನಿ ಎಲ್ಲವೂ ಒಂದೆಡೆ ಸಿಗುವುದು ಟ್ಯಾಬ್ಲೆಟ್ಟಿನಲ್ಲಿಯೇ. ಮನೆಯ ಹಿರಿಯರಿಗೆಂದು ಹುಡುಕುತ್ತಿರುವವರು ಇ-ಇಂಕ್‌ನ ಮೋಹಕ್ಕೆ ಬೀಳಬೇಕಾಗಿಲ್ಲ.

ಕಿಂಡಲ್

ಓದಿನಲ್ಲಿ ಮುಕ್ಕಾಲು ಪಾಲು ಇಂಗ್ಲಿಷ್ ಇರುವವರಿಗೆ ಕಿಂಡಲ್ ಈಗಲೂ ಅತ್ಯಂತ ಸರಳವಾದ ಆಯ್ಕೆ. 2022ರ ಸಾದಾ ಮಾದರಿ ಆರು ಇಂಚಿನದು, ಇಂಚಿಗೆ 300 ಚುಕ್ಕೆಗಳ ಪರದೆಯದು, ತೂಕ 158 ಗ್ರಾಂ. ಮಲಗಿಕೊಂಡು ಒಂದೇ ಕೈಯಲ್ಲಿ ಹಿಡಿದು ಓದುವಾಗ ಈ ಹಗುರ ಎಂಥ ಸುಖವೆಂದು ಆರುನೂರು ಪುಟದ ಕಾದಂಬರಿಯನ್ನು ಎದೆಯ ಮೇಲೆ ನಿಲ್ಲಿಸಿಕೊಂಡವರಿಗೆ ತಿಳಿದಿರುತ್ತದೆ. ಈ ಮಾದರಿಯಲ್ಲಿ ಹಳದಿ ಛಾಯೆಯ ದೀಪವಿಲ್ಲ, ಅದು ಬೇಕಾದರೆ ಪೇಪರ್‌ವೈಟ್ ಮಾದರಿಗೆ ಹೋಗಬೇಕು. ಇಂಗ್ಲಿಷ್ ಪದದ ಮೇಲೆ ಬೆರಳಿಟ್ಟರೆ ಅರ್ಥ ಬರುತ್ತದೆ, ಕೊಂಡ ಪುಸ್ತಕ ಅರೆ ನಿಮಿಷದಲ್ಲಿ ಇಳಿಯುತ್ತದೆ, ಬೇರೆ ಯಾವ ಕೆಲಸವೂ ಅದರಲ್ಲಿ ಹಿತವಾಗಿ ಆಗುವುದಿಲ್ಲ. ಈ ಕೊನೆಯ ಗುಣವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ.

ಕೊರತೆ ಕನ್ನಡದ್ದು. ಕನ್ನಡ ಆ್ಯಪ್‌ಗಳಲ್ಲಿ ಕೊಂಡ ಪುಸ್ತಕವನ್ನು ಕಿಂಡಲ್‌ಗೆ ತರಲಾಗುವುದಿಲ್ಲ. ನಕಲು ತಡೆಯುವ ಬೀಗವಿಲ್ಲದ ಇ-ಪಬ್ (ಅಕ್ಷರದ ಅಳತೆ ಬದಲಿಸಬಹುದಾದ ಇ-ಪುಸ್ತಕದ ಮಾದರಿ) ಕಡತಗಳನ್ನು ಅಮೆಜಾನ್‌ನ ‘ಸೆಂಡ್ ಟು ಕಿಂಡಲ್’ ಸೇವೆಯ ಮೂಲಕ ಕಳುಹಿಸಬಹುದು, 2022ರಿಂದ ಅದಕ್ಕೆ ಅವಕಾಶವಿದೆ. ಕಿಂಡಲ್ ಅಂಗಡಿಯಲ್ಲಿ ಕೊಂಡದ್ದು ಪುಸ್ತಕವಲ್ಲ, ಓದುವ ಪರವಾನಗಿ ಎಂಬುದನ್ನೂ ನೆನಪಿಡಬೇಕು. 2009ರ ಜುಲೈನಲ್ಲಿ ಹಕ್ಕಿನ ತಕರಾರೊಂದರ ಕಾರಣ ಅಮೆಜಾನ್ ತಾನೇ ಮಾರಿದ್ದ ಪುಸ್ತಕಗಳನ್ನು ಗ್ರಾಹಕರ ಕಿಂಡಲ್‌ಗಳಿಂದ ಅಳಿಸಿ ಹಾಕಿ, ಆಮೇಲೆ ಕ್ಷಮೆ ಕೇಳಿತ್ತು. ಮಕ್ಕಳಿಗೆ ಬಿಟ್ಟು ಹೋಗಬೇಕೆನ್ನಿಸುವ ಪುಸ್ತಕವನ್ನು ಕಾಗದದಲ್ಲಿಯೇ ಕೊಳ್ಳುವುದು ಸರಿ.

ಕೋಬೋ ಮತ್ತು ಕೆಒರೀಡರ್

ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿರುವ ಕನ್ನಡಿಗರು ಕೋಬೋ ಎಂಬ ಇ-ರೀಡರನ್ನು ಗಂಭೀರವಾಗಿ ಪರಿಗಣಿಸಬೇಕು. ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳ ಇ-ಪುಸ್ತಕಗಳನ್ನು ಓವರ್‌ಡ್ರೈವ್ ವ್ಯವಸ್ಥೆಯ ಮೂಲಕ ನೇರವಾಗಿ ಅದರಲ್ಲೇ ಎರವಲು ಪಡೆಯಬಹುದು. ಇನ್ನೊಂದು ಅನುಕೂಲ, ಕೆಒರೀಡರ್ ಎಂಬ ಉಚಿತ ಮುಕ್ತ ತಂತ್ರಾಂಶವನ್ನು ಅದರ ಮೇಲೆ ಸುಲಭವಾಗಿ ಹಾಕಿಕೊಳ್ಳಬಹುದು. ಈ ತಂತ್ರಾಂಶ ಭಾರತೀಯ ಲಿಪಿಗಳ ಅಕ್ಷರ ಜೋಡಣೆಯನ್ನು ಚೆನ್ನಾಗಿ ಬಲ್ಲದು. ನವಿಲು, ಗುಬ್ಬಿಯಂಥ ಯೂನಿಕೋಡ್ ಫಾಂಟನ್ನು ನಾವೇ ಸೇರಿಸಬಹುದು, ಸ್ಕ್ಯಾನ್ ಪುಟದ ಅಂಚು ಕತ್ತರಿಸಿ ಸಾಲುಗಳನ್ನು ಪರದೆಗೆ ತಕ್ಕಂತೆ ಮರುಜೋಡಿಸಲೂಬಹುದು. ಕಂಪ್ಯೂಟರಿನಲ್ಲಿ ಕಡತಗಳನ್ನು ನಕಲು ಮಾಡುವುದು ಬೇಸರವೆನ್ನುವವರಿಗೆ ಮಾತ್ರ ಈ ದಾರಿ ಬೇಡ.

ಆಂಡ್ರಾಯ್ಡ್ ಇರುವ ಇ-ಇಂಕ್ ಯಂತ್ರ

ಬೂಕ್ಸ್ ಮೊದಲಾದ ಹೆಸರುಗಳಲ್ಲಿ ಬರುವ ಈ ಯಂತ್ರಗಳಲ್ಲಿ ಪರದೆ ಇ-ಇಂಕ್, ಒಳಗೆ ಮೊಬೈಲಿನಂತೆ ಆಂಡ್ರಾಯ್ಡ್. ಪ್ಲೇ ಸ್ಟೋರ್ ಇರುವುದರಿಂದ ಕನ್ನಡದ ಆ್ಯಪ್‌ಗಳು, ಗೂಗಲ್ ಪ್ಲೇ ಬುಕ್ಸ್, ಕಿಂಡಲ್ ಆ್ಯಪ್, ಕೆಒರೀಡರ್ ಎಲ್ಲವನ್ನೂ ಒಂದರಲ್ಲೇ ಇಟ್ಟುಕೊಳ್ಳಬಹುದು. ಮುಖ್ಯವಾಗಿ ಹೊಸ ಕನ್ನಡ ಪುಸ್ತಕಗಳನ್ನು ಓದುವವರಿಗೆ, ಬೆಲೆ ಹೊಂದುವುದಾದರೆ, ನನ್ನ ಮೊದಲ ಶಿಫಾರಸು ಇದೇ. ದೋಷಗಳೂ ಉಂಟು. ಕಿಂಡಲ್‌ಗಿಂತ ಬೆಲೆ ಹೆಚ್ಚು, ಬ್ಯಾಟರಿ ಬೇಗ ಮುಗಿಯುತ್ತದೆ. ಮೊಬೈಲಿಗೆಂದು ಮಾಡಿದ ಆ್ಯಪ್‌ಗಳಲ್ಲಿ ಪುಟ ಸರಿಯುವ ಚಲನೆ ಈ ಪರದೆಯ ಮೇಲೆ ನೆರಳು ಬಿಡುತ್ತದೆ, ಆದ್ದರಿಂದ ಜಾರುವ ಪುಟದ ಬದಲು ತಿರುವುವ ಪುಟವನ್ನು ಆರಿಸಿಕೊಂಡು ಚಲನೆಯನ್ನು ನಿಲ್ಲಿಸಬೇಕು. ಇಮೇಲ್, ವಾಟ್ಸ್‌ಆ್ಯಪ್‌ಗಳನ್ನೂ ಅದರಲ್ಲಿ ಹಾಕಿಕೊಳ್ಳಲು ಸಾಧ್ಯ. ದಯವಿಟ್ಟು ಹಾಕಿಕೊಳ್ಳಬೇಡಿ, ಹಾಕಿಕೊಂಡರೆ ಅಷ್ಟು ಹಣ ಕೊಟ್ಟು ಕೊಂಡ ಮೌನ ಕೈಬಿಟ್ಟು ಹೋಗುತ್ತದೆ.

ಅಳತೆ ಮತ್ತು ಒತ್ತಕ್ಷರ

ನಮ್ಮಲ್ಲಿ ಹೆಚ್ಚಿನ ಪುಸ್ತಕಗಳು ಡೆಮಿ 1/8 ಅಳತೆಯವು, ಎಂದರೆ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ. ಪರದೆಯ ಇಂಚುಗಳನ್ನು ಮೂಲೆಯಿಂದ ಎದುರು ಮೂಲೆಗೆ ಅಳೆಯುವುದರಿಂದ ಆರು ಇಂಚಿನ ಪರದೆಯ ಎತ್ತರ 4.8 ಇಂಚು ಮಾತ್ರ. ಇಡೀ ಸ್ಕ್ಯಾನ್ ಪುಟ ಅದರಲ್ಲಿ ಹಿಡಿಯಬೇಕಾದರೆ ಶೇಕಡ 56ಕ್ಕೆ ಕುಗ್ಗಬೇಕು, 12 ಪಾಯಿಂಟಿನ ಅಕ್ಷರ 7 ಪಾಯಿಂಟಿಗೂ ಕೆಳಗಿಳಿಯುತ್ತದೆ. ಆ ಅಳತೆಯಲ್ಲಿ ಇಂಗ್ಲಿಷ್ ಅಕ್ಷರವನ್ನಾದರೂ ಊಹಿಸಬಹುದು, ಸಾಲಿನ ಕೆಳಗೆ ಇನ್ನೂ ಸಣ್ಣದಾಗಿ ಕೂರುವ ನಮ್ಮ ಒತ್ತಕ್ಷರ ಕರಗಿಯೇ ಹೋಗುತ್ತದೆ. 7.8 ಇಂಚಿನ ಪರದೆಯಲ್ಲಿ ಪುಟ ಶೇಕಡ 73ರಷ್ಟು, 10.3 ಇಂಚಿನದರಲ್ಲಿ ಶೇಕಡ 97ರಷ್ಟು ಉಳಿಯುತ್ತದೆ. ಹಳೆಯ ಪುಸ್ತಕಗಳ ಸ್ಕ್ಯಾನ್‌ಗಳನ್ನೇ ಓದುವ ಅಧ್ಯಾಪಕರು, ಸಂಶೋಧನಾಸಕ್ತರು ಹತ್ತು ಇಂಚಿಗಿಂತ ಕಡಿಮೆಯದನ್ನು ಕೊಳ್ಳಬಾರದು. ಅಕ್ಷರ ಹಿಗ್ಗಿಸಬಹುದಾದ ಇ-ಪಬ್ ಪುಸ್ತಕಗಳನ್ನಷ್ಟೇ ಓದುವವರಿಗೆ ಆರೇಳು ಇಂಚು ಸಾಕು. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕ ಕೊಳ್ಳುವಾಗಲೂ ಅದು ಹರಿಯುವ ಪಠ್ಯವೋ ಮುದ್ರಿತ ಪುಟದ ಚಿತ್ರವೋ ಎಂಬುದನ್ನು ವಿವರದಲ್ಲಿ ನೋಡಿಕೊಂಡು, ಉಚಿತ ಮಾದರಿಯನ್ನು ತೆರೆದು ನೋಡಿಯೇ ಹಣ ಕಟ್ಟಬೇಕು.

ನಾನು ಮೊದಲು ಕೊಂಡ ಯಂತ್ರದ ತಯಾರಕರ ಹೆಸರು ಇಲ್ಲಿ ಬೇಡ. ಪೆಟ್ಟಿಗೆಯ ಮೇಲೆ ಭಾರತೀಯ ಭಾಷೆಗಳಿವೆ ಎಂದು ಅಚ್ಚಾಗಿತ್ತು. ಮನೆಗೆ ತಂದು ಪ್ರಬಂಧ ಸಂಕಲನವೊಂದನ್ನು ತೆರೆದರೆ ‘ಸ್ವಾತಂತ್ರ್ಯ’ ಎಂಬ ಪದ ‘ಸ್‌ವಾತಂತ್‌ರ್‌ಯ’ ಎಂದು ಮುರಿದು ಬಿದ್ದಿತ್ತು. ಅರ್ಥವಾಗುತ್ತಿತ್ತು ನಿಜ, ಆದರೆ ಸಾಲಿಗೆ ನಾಲ್ಕು ಬಾರಿ ಎಡವಿದರೆ ಓದು ಹೇಗೆ ಸಾಗೀತು? ಅಂದಿನಿಂದ ಒಂದು ಸಣ್ಣ ಪರೀಕ್ಷೆಯನ್ನು ರೂಢಿ ಮಾಡಿಕೊಂಡಿದ್ದೇನೆ. ರಾಷ್ಟ್ರ, ಸ್ವಾತಂತ್ರ್ಯ, ಲಕ್ಷ್ಮಿ, ಮಾತೃ, ಕರ್ಮ, ವೈಶಿಷ್ಟ್ಯ ಎಂಬ ಪದಗಳಿರುವ ಒಂದು ಪುಟವನ್ನು ಇ-ಪಬ್ ಮಾಡಿಟ್ಟುಕೊಂಡು, ಅಂಗಡಿಯಲ್ಲಿಯೋ ಸ್ನೇಹಿತರ ಯಂತ್ರದಲ್ಲಿಯೋ ತೆರೆದು ನೋಡಬೇಕು. ಎರಡು ಒತ್ತು ಬರುವೆಡೆ ಎರಡೂ ಕೆಳಗೆ ಕುಳಿತಿವೆಯೇ, ಅರ್ಕಾವತ್ತು ತನ್ನ ಜಾಗದಲ್ಲಿದೆಯೇ ಎಂದು ನೋಡಲು ಒಂದು ನಿಮಿಷ ಸಾಕು. ಆನ್‌ಲೈನಿನಲ್ಲಿ ಕೊಳ್ಳುವವರು ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆ ಮಾಡಿಕೊಳ್ಳಲಿ.

ಕಾಗದದ ಪುಸ್ತಕ ಯಾರಿಗೆ ಸಾಕು

ವರ್ಷಕ್ಕೆ ಐದಾರು ಪುಸ್ತಕ ಓದುವವರಿಗೆ, ಹತ್ತಿರದಲ್ಲಿ ಒಳ್ಳೆಯ ಗ್ರಂಥಾಲಯ ಇರುವವರಿಗೆ ಇ-ರೀಡರ್ ಅಗತ್ಯವೇ ಇಲ್ಲ. ಸರಿಯಾದ ಸಂಖ್ಯೆಯ ಚಾಳೀಸು ಮತ್ತು ತಲೆಯ ಹಿಂದಿನಿಂದ ಬೀಳುವ ಒಂದು ಒಳ್ಳೆಯ ದೀಪಕ್ಕೆ ಅದಕ್ಕಿಂತ ಬಹಳ ಕಡಿಮೆ ಖರ್ಚಾಗುತ್ತದೆ. ಕಣ್ಣಿನ ಪರೀಕ್ಷೆ ಮಾಡಿಸಿ ಎರಡು ವರ್ಷವಾಗಿದ್ದರೆ ಮೊದಲು ಅದನ್ನು ಮುಗಿಸಿ. ಅಕ್ಷರ ಮಬ್ಬಾಗಲು ಪೊರೆಯೂ ಕಾರಣವಿರಬಹುದು, ಅದಕ್ಕೆ ಯಾವ ಪರದೆಯೂ ಮದ್ದಲ್ಲ. ಕವಿತೆಗಳನ್ನು ನಾನು ಈಗಲೂ ಕಾಗದದಲ್ಲಿಯೇ ಓದುತ್ತೇನೆ, ಏಕೆಂದರೆ ಅಕ್ಷರ ದೊಡ್ಡದು ಮಾಡಿದ ಕೂಡಲೇ ಪರದೆಯಲ್ಲಿ ಸಾಲು ಮುರಿದು ಕವಿ ಇಟ್ಟ ನಿಲುಗಡೆ ಕೆಡುತ್ತದೆ.

ಶುರು ಮಾಡುವ ಬಗೆ

ಇ-ರೀಡರ್ ಕೊಂಡವರು ಮೊದಲ ವಾರದಲ್ಲಿ ಮಾಡುವ ತಪ್ಪೊಂದನ್ನು ನಾನೂ ಮಾಡಿದೆ. ಸಿಕ್ಕ ಸಿಕ್ಕ ಕಡೆಯಿಂದ ಎಂಟುನೂರು ಕಡತಗಳನ್ನು ತುಂಬಿಕೊಂಡೆ. ಯಂತ್ರ ತೆರೆದಾಗಲೆಲ್ಲ ಆ ಪಟ್ಟಿ ಸಾಲಗಾರನಂತೆ ಎದುರು ನಿಲ್ಲುತ್ತಿತ್ತು, ಯಾವುದನ್ನು ಹಿಡಿದರೂ ಇನ್ನೊಂದು ಬಾಕಿ ಇದೆ ಎಂಬ ಅಳುಕು. ಒಂದು ಭಾನುವಾರ ಕುಳಿತು ಲೆಕ್ಕ ಹಾಕಿದೆ. ವರ್ಷಕ್ಕೆ 20 ಪುಸ್ತಕದಂತೆ ಇನ್ನು 25 ವರ್ಷ ಓದಿದರೂ 500 ಪುಸ್ತಕ. ಬಯಸಿದ್ದನ್ನೆಲ್ಲ ಓದಲಾಗದು ಎಂಬುದು ಅಂಕಿಯಲ್ಲಿ ಕಂಡಾಗ ಬೇಸರವಾಗುತ್ತದೆಂದು ಎಣಿಸಿದ್ದೆ, ಆದರೆ ಮನಸ್ಸು ಹಗುರವಾಯಿತು. ಹೆಸರಿಗಾಗಿ, ಮಾತಿಗಾಗಿ ಓದಬೇಕೆಂದುಕೊಂಡಿದ್ದ ಪುಸ್ತಕಗಳನ್ನೆಲ್ಲ ಅಳಿಸಿ, ನಿಜವಾಗಿ ಆಸೆಯಿದ್ದವುಗಳನ್ನು ಮಾತ್ರ ಉಳಿಸಿಕೊಂಡೆ. ಈಗ ನನ್ನ ಯಂತ್ರದಲ್ಲಿ ಒಮ್ಮೆಗೆ ಮೂರೇ ಪುಸ್ತಕ ಇರುತ್ತವೆ: ಓದುತ್ತಿರುವ ಒಂದು ಕಾದಂಬರಿ, ನಿಧಾನವಾಗಿ ಓದುವ ಒಂದು ಗದ್ಯಗ್ರಂಥ, ಹಿಂದೆ ಓದಿದ್ದು ಮತ್ತೆ ಓದಬೇಕೆನ್ನಿಸಿದ ಇನ್ನೊಂದು. ಒಂದು ಮುಗಿದ ಮೇಲೆಯೇ ಇನ್ನೊಂದು ಒಳಗೆ ಬರುತ್ತದೆ.

ನೀವೂ ಹಾಗೆಯೇ ಶುರು ಮಾಡಬಹುದು. ಮೊದಲ ಪುಸ್ತಕ ಹೊಸದಾಗಿರುವುದು ಬೇಡ. ಇಪ್ಪತ್ತೈದರಲ್ಲಿ ಓದಿ ಮೆಚ್ಚಿದ್ದ, ಕಥೆ ಅರೆ ನೆನಪಿರುವ ಪುಸ್ತಕವನ್ನು ಆರಿಸಿಕೊಂಡರೆ ಯಂತ್ರದ ಅಭ್ಯಾಸವಾಗುವವರೆಗೆ ಅದು ಕೈ ಹಿಡಿದು ನಡೆಸುತ್ತದೆ. ಅಕ್ಷರವನ್ನು ಕನ್ನಡಕವಿಲ್ಲದೆ ಓದಬಹುದಾದಷ್ಟು ದೊಡ್ಡದು ಮಾಡುವ ಹಟ ಬೇಡ, ಸಾಲಿಗೆ ಐದಾರು ಪದವಾದರೂ ನಿಲ್ಲಲಿ. ಸಾಲುಗಳ ನಡುವಿನ ಅಂತರವನ್ನು ಮಾತ್ರ ಧಾರಾಳವಾಗಿ ಹೆಚ್ಚಿಸಿ, ಒತ್ತಕ್ಷರಗಳಿಗೆ ಆ ಜಾಗ ಬೇಕು. ಬೇಕಾದ ಪುಸ್ತಕ ಇಳಿಸಿಕೊಂಡ ಮೇಲೆ ವೈ-ಫೈ ಆರಿಸಿ, ಮೊಬೈಲನ್ನು ಪಕ್ಕದ ಕೋಣೆಯಲ್ಲಿ ಚಾರ್ಜಿಗೆ ಹಾಕಿ, ದೀಪವನ್ನು ಹಳದಿಗೆ ತಿರುಗಿಸಿಕೊಂಡು ಕುಳಿತುಕೊಳ್ಳಿ.